ಪ್ರಚಾರದ ಪರೀಕ್ಷೆ ಮತ್ತು ಪೌರನೀತಿಯ ಬೋಧನೆ

ಪ್ರಚಾರವೆಂಬ ಶಬ್ದಕ್ಕೆ ಕನ್ನಡದಲ್ಲಿ ಸ್ವತಃ ಯಾವ ಕಳಂಕವೂ ಅಂಟಿಲ್ಲ. ಖಾದಿಯ ಪ್ರಚಾರ, ಆರೋಗ್ಯ ಪ್ರಚಾರ, ಹಿಂದೀ ಪ್ರಚಾರ ಎಂದು ನಾವು ಆಡುವಾಗ ಸುಳ್ಳಿನ ನೆನಪು ಯಾರಿಗೂ ಬರುವುದಿಲ್ಲ. ಸುಳ್ಳನ್ನೇ ಸೂಚಿಸಬೇಕಾದ ಸಂದರ್ಭದಲ್ಲಿ ಒಂದು ಉಪಸರ್ಗವನ್ನು ಸೇರಿಸಿ ಅಪಪ್ರಚಾರವೆನ್ನುತ್ತೇವೆ. ಇಂಗ್ಲಿಷಿನ ಪ್ರಾಪಗ್ಯಾಂಡ ಶಬ್ದದ ಚರಿತ್ರೆ ಬೇರೆ ಬಗೆಯದು. ೧೬೨೨ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿಯು ಮತಪ್ರಸಾರಕ್ಕಾಗಿ ರೋಮಿನಲ್ಲಿ ಸ್ಥಾಪಿಸಿದ ಒಂದು ಮಂಡಲಿಯ ಲ್ಯಾಟಿನ್ ಹೆಸರಿನಿಂದ ಹೊರಟ ಈ ಶಬ್ದವು ಮೊದಲನೆಯ ಮಹಾಯುದ್ಧದ ತರುವಾಯ ಬಹುಮಟ್ಟಿಗೆ ಬೈಗುಳಕ್ಕೆ ಸಮನಾಯಿತು. ಆದುದರಿಂದ ಆ ಭಾಷೆಯಲ್ಲಿ ಪ್ರಚಾರವನ್ನು ಗುರುತಿಸುವುದೆಂದರೆ ಅದನ್ನು ತಿರಸ್ಕರಿಸುವುದೆಂದೇ ಅರ್ಥ ಬರುತ್ತದೆ. ಕನ್ನಡದಲ್ಲಿ ಹಾಗೆ ಬರಲಾರದು. ನಮ್ಮಲ್ಲಿ ಗುರುತಿಸಿದ ಮೇಲೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಪ್ರಚಾರವೇನೋ ಸರಿ, ಆದರೆ ಅದು ನಿಜವೇ?

ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕಲಿಸುವ ಪದ್ಧತಿಯು ಪೌರನೀತಿಯ ಬೋಧನೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಿಥ್ಯಾವಾರ್ತೆಗಳನ್ನು ಕುರಿತು ಶಾಲೆ ಕಾಲೇಜುಗಳಲ್ಲಿ ಪಾಠ ಹೇಳಬೇಕೆಂಬ ಅಭಿಪ್ರಾಯವು ಈಚೆಗೆ ಎಲ್ಲೆಡೆಯೂ ಬಲಗೊಳ್ಳುತ್ತಿರುವುದರಿಂದ, ಈ ಪದ್ಧತಿಯು ಎಲ್ಲಿ ಹುಟ್ಟಿತು, ಎಷ್ಟರಮಟ್ಟಿಗೆ ಸಫಲವಾಯಿತು, ಎಲ್ಲಿ ಸೋತಿತು ಎಂಬುದನ್ನು ವಿಚಾರಿಸುವುದು ಅಧ್ಯಾಪಕರಿಗೆ ಉಪಯುಕ್ತವಾಗಬಹುದು. ಇದರ ಚರಿತ್ರೆಯ ಮುಖ್ಯಭಾಗ ನಡೆದುದು ಇಂಗ್ಲೆಂಡ್ ಮತ್ತು ಅಮೆರಿಕಾಗಳಲ್ಲಿ. ನಮ್ಮ ನಾಡಿಗೆ ಅದರ ಸಂಬಂಧ ತೀರ ಈಚಿನದು, ಆದರೆ ಕ್ಷುಲ್ಲಕವಾದುದಲ್ಲ.

೧೯೧೭ರ ಏಪ್ರಿಲ್ ೧೦ರಂದು ಬರ್ಲಿನ್ನಿನ ಲೋಕಾಲ್ ಆಂಟ್ಸೈಗರ್ ಎಂಬ ಪತ್ರಿಕೆಯಲ್ಲಿ ಕಾರ್ಲ್ ರೋಸ್ನರ್ ಎಂಬ ಯುದ್ಧ ಬಾತ್ಮೀದಾರನ ಒಂದು ಚಿಕ್ಕ ವರದಿ ಪ್ರಕಟವಾಯಿತು. ಪಶ್ಚಿಮ ರಣರಂಗದ ಹಿಂದೆ ಒಂದು ಹಳ್ಳಿಯ ಬಳಿ ಹಾದುಹೋಗುವಾಗ ಸುಣ್ಣ ಸುಡುವಂಥ ದುರ್ವಾಸನೆ ಬಂದಿತೆಂದೂ, ಅಲ್ಲಿ ಸೈನ್ಯದ ಒಂದು ಕಾರ್ಖಾನೆಯಿದೆಯೆಂದೂ, ಅದರಲ್ಲಿ ಕಳೇಬರಗಳಿಂದ ಕೊಬ್ಬನ್ನು ತೆಗೆದು ಯಂತ್ರಗಳಿಗೆ ಹಾಕುವ ಎಣ್ಣೆಯನ್ನೂ, ಉಳಿದುದನ್ನು ಪುಡಿಮಾಡಿ ಹಂದಿಯ ಮೇವು ಮತ್ತು ಗೊಬ್ಬರವನ್ನೂ ತಯಾರಿಸುವರೆಂದೂ ಅವನು ಬರೆದಿದ್ದನು. ಒಂದು ವಾರದ ಮೇಲೆ, ಏಪ್ರಿಲ್ ೧೭ರಂದು, ಲಂಡನ್ನಿನ ಟೈಮ್ಸ್ ಮತ್ತು ಡೈಲಿ ಮೈಲ್ ಪತ್ರಿಕೆಗಳು ಈ ವರದಿಯನ್ನು ಎತ್ತಿಕೊಂಡವು. ಎರಡೂ ಲಾರ್ಡ್ ನಾರ್ತ್‌ಕ್ಲಿಫನ ಒಡೆತನದಲ್ಲಿದ್ದವು. ಬೆಲ್ಜಿಯನ್ ಪತ್ರಿಕೆಯೊಂದರಲ್ಲಿ ಬಂದಿದ್ದ, ಇದಕ್ಕಿಂತ ಬಹು ವಿಸ್ತಾರವಾದ ಇನ್ನೊಂದು ಕಥನವನ್ನು ಅವು ಇದರ ಪಕ್ಕದಲ್ಲಿಟ್ಟುವು. ಅದರಲ್ಲಿ ಸತ್ತ ಸಿಪಾಯಿಗಳ ಹೆಣಗಳನ್ನು ರೈಲುಗಾಡಿಗಳಲ್ಲಿ ಸಾಗಿಸಿ ಕಾರ್ಖಾನೆಯಲ್ಲಿ ಕರಗಿಸುವ ವರ್ಣನೆಯಿತ್ತು. ಎರಡನ್ನೂ ಒಟ್ಟಿಗೆ ಓದಿದವರಿಗೆ, ಜರ್ಮನರು ತಮ್ಮ ಸತ್ತ ಯೋಧರನ್ನೇ ಕಾಯಿಸಿ ಕೊಬ್ಬು ತೆಗೆಯುತ್ತಿದ್ದಾರೆಂದೂ, ಆ ಮಾತನ್ನು ಅವರ ಪತ್ರಿಕೆಯೇ ಒಪ್ಪಿಕೊಂಡಿದೆಯೆಂದೂ ತೋರುವುದು ಸಹಜವಾಗಿತ್ತು.

ಇಡೀ ವಿಷಯ ನಿಂತುದು ಒಂದು ಶಬ್ದದ ಮೇಲೆ. ಜರ್ಮನ್ ವರದಿಯಲ್ಲಿದ್ದುದು ಕಾಡಾವರ್ ಎಂಬ ಪದ. ಆ ಭಾಷೆಯ ರೂಢಿಯಲ್ಲಿ ಅದು ಸತ್ತ ಪ್ರಾಣಿಗಳ ಒಡಲಿಗೆ, ಮುಖ್ಯವಾಗಿ ರಣರಂಗದಲ್ಲಿ ಸಾವಿರಗಟ್ಟಲೆಯಾಗಿ ಸಾಯುತ್ತಿದ್ದ ಕುದುರೆಗಳ ಒಡಲಿಗೆ, ಸಲ್ಲುವ ಮಾತು. ಮನುಷ್ಯನ ಹೆಣಕ್ಕೆ ಅಲ್ಲಿ ಬೇರೆ ಪದವಿದೆ. ಇಂಗ್ಲಿಷಿನಲ್ಲಾದರೋ ಅದೇ ಮೂಲದ ಕಡಾವರ್ ಶಬ್ದಕ್ಕೆ ಮನುಷ್ಯನ ಹೆಣವೆಂದೇ ಮುಖ್ಯಾರ್ಥ. ನಮ್ಮ ಕಳೇಬರ ಶಬ್ದವು ಎರಡಕ್ಕೂ ಸಲ್ಲುವುದರಿಂದ ಮೇಲಿನ ಕಂಡಿಕೆಯಲ್ಲಿ ಅದನ್ನೇ ಬಳಸಿದ್ದೇನೆ. ಅದನ್ನು ಓದಿದಾಗ ಯಾವ ಅರ್ಥ ಮನಸ್ಸಿಗೆ ಬಂದಿತೆಂಬುದನ್ನು ವಾಚಕರು ತಾವೇ ಪರೀಕ್ಷಿಸಿಕೊಳ್ಳಬಹುದು. ಜರ್ಮನ್ ಸರ್ಕಾರವು ಈ ಅರ್ಥಭೇದವನ್ನು ತೋರಿಸಿ ವಾರ್ತೆಯನ್ನು ನಿರಾಕರಿಸಿತು. ಆದರೆ ಶತ್ರುವಿನ ನಿರಾಕರಣೆಯನ್ನು ಯುದ್ಧಕಾಲದಲ್ಲಿ ಯಾರು ಕೇಳುವರು? ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂದಾಗ ಲಾರ್ಡ್ ರಾಬರ್ಟ್ ಸೆಸಿಲನು ಕೊಟ್ಟ ಉತ್ತರವು ಗಮನಾರ್ಹವಾದುದು. ಪತ್ರಿಕೆಗಳಲ್ಲಿ ಬಂದುದಕ್ಕಿಂತ ಹೆಚ್ಚಿನ ಮಾಹಿತಿ ಸರ್ಕಾರದ ಬಳಿ ಇಲ್ಲವೆಂದು ಒಪ್ಪಿಕೊಂಡು, ಜರ್ಮನ್ ಸೈನ್ಯಾಧಿಕಾರಿಗಳ ಇತರ ಕೃತ್ಯಗಳನ್ನು ನೋಡಿದರೆ ಇದು ನಂಬಲಾಗದ ಸಂಗತಿಯೇನೂ ಅಲ್ಲವೆಂಬ ಅಭಿಪ್ರಾಯವನ್ನು ಅವನು ಸೂಚಿಸಿದನು. ಇದರಲ್ಲಿ ಸುಳ್ಳಿನ ಮಾತು ಒಂದೂ ಇಲ್ಲ. ಸುಳ್ಳು ಬೆಳೆಯಲು ಬೇಕಾದ ಸ್ಥಳ ಮಾತ್ರ ಧಾರಾಳವಾಗಿದೆ.

ಯುದ್ಧ ಮುಗಿದು ಏಳು ವರ್ಷಗಳಾದ ಮೇಲೆ, ೧೯೨೫ರಲ್ಲಿ, ಬ್ರಿಟಿಷ್ ಗುಪ್ತವಾರ್ತಾ ವಿಭಾಗದ ಅಧಿಕಾರಿಯಾಗಿದ್ದ ಚಾರ್ಟೆರಿಸ್ ಎಂಬ ಸೇನಾನಿಯು ಈ ಕಥೆಯನ್ನು ತಾನೇ ಹುಟ್ಟಿಸಿದುದಾಗಿ ನ್ಯೂಯಾರ್ಕಿನ ಒಂದು ಭಾಷಣದಲ್ಲಿ ಹೇಳಿದನೆಂದು ವರದಿಯಾಯಿತು. ಎರಡು ಛಾಯಾಚಿತ್ರಗಳ ಕೆಳಗಿನ ಬರಹಗಳನ್ನು ಅದಲುಬದಲು ಮಾಡಿದೆನೆಂಬುದು ಆ ಮಾತಿನ ಸಾರ. ಇಂಗ್ಲೆಂಡಿಗೆ ಮರಳಿದೊಡನೆಯೇ ಅವನು ಅದನ್ನು ಅಲ್ಲಗಳೆದನು. ಸುಳ್ಳಿನ ಹುಟ್ಟನ್ನು ಕುರಿತ ಈ ಕಥೆಯೂ ಹೀಗೆ ಸಂದೇಹಾಸ್ಪದವಾದುದೇ. ಆದರೂ ಎಷ್ಟೋ ಪುಸ್ತಕಗಳಲ್ಲಿ ಅದು ಇಂದಿಗೂ ಸಿದ್ಧಸತ್ಯವಾಗಿ ಕಾಣಿಸಿಕೊಳ್ಳುತ್ತಿದೆ. ಅದೇ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನನು ಕಾಮನ್ಸ್ ಸಭೆಯಲ್ಲಿ ಜರ್ಮನ್ ಚಾನ್ಸೆಲರನ ನಿರಾಕರಣೆಯನ್ನು ಸರ್ಕಾರದ ಪರವಾಗಿ ಅಂಗೀಕರಿಸಿದನು. ೧೯೧೭ರಲ್ಲಿ ಈ ವಾರ್ತೆ ಹಬ್ಬಿದಾಗ ಇದೇ ಚೇಂಬರ್ಲೇನನು ಭಾರತ ಸಚಿವನಾಗಿ ಮಂತ್ರಿಮಂಡಲದಲ್ಲಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ೧೯೨೮ರಲ್ಲಿ ಆರ್ಥರ್ ಪಾನ್ಸನ್‌ಬಿಯು ಯುದ್ಧಕಾಲದ ಅಸತ್ಯಗಳನ್ನು ಸಂಗ್ರಹಿಸಿ ಒಂದು ಗ್ರಂಥವನ್ನು ಪ್ರಕಟಿಸಿದಾಗ ಹೆಣದ ಕಾರ್ಖಾನೆಗೆ ಅದರಲ್ಲಿ ಒಂದು ಪ್ರತ್ಯೇಕ ಸ್ಥಾನ ದೊರೆಯಿತು.

ಈ ಗ್ರಂಥವೂ ಇಂಥ ಇತರ ಬರಹಗಳೂ ಓದುಗರಿಗೆ ಕಲಿಸಿದ ಪಾಠವೇನು? ಯುದ್ಧಕಾಲದ ಕ್ರೌರ್ಯದ ವಾರ್ತೆಗಳೆಲ್ಲ ಸುಳ್ಳೆಂಬುದೇ. ಆದರೆ ಎಲ್ಲವೂ ಸುಳ್ಳಾಗಿರಲಿಲ್ಲ. ೧೯೧೪ರ ಆಗಸ್ಟ್ ೨೫ರಂದು ಲುವೆನ್ ನಗರದ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವನ್ನು ಜರ್ಮನ್ ಸೈನ್ಯ ಸುಟ್ಟುದು ನಿಜ. ಯುದ್ಧದ ಮೊದಲ ತಿಂಗಳುಗಳಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸುಗಳಲ್ಲಿ ಸುಮಾರು ೬,೫೦೦ ಮಂದಿ ನಿರಾಯುಧ ನಾಗರಿಕರನ್ನು ಅದು ಕೊಂದಿತೆಂದು ಜಾನ್ ಹೋರ್ನ್ ಮತ್ತು ಅಲನ್ ಕ್ರೇಮರ್ ಎಂಬ ಇತಿಹಾಸಕಾರರು ೨೦೦೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸ್ಥಾಪಿಸಿದ್ದಾರೆ. ೧೯೧೫ರ ಮೇ ತಿಂಗಳಿನಲ್ಲಿ ಲಾರ್ಡ್ ಬ್ರೈಸನ ಅಧ್ಯಕ್ಷತೆಯ ಸಮಿತಿಯು ಹೊರಡಿಸಿದ ವರದಿಯಲ್ಲಿ ಇಂಥ ನಿಜವಾದ ಘಟನೆಗಳ ಜೊತೆಗೆ, ಯಾರೂ ಶೋಧಿಸಿ ನೋಡದ ಭಯಂಕರ ಕಥೆಗಳೂ ಬೆರೆತುಹೋಗಿದ್ದವು. ಸಮಿತಿಯ ಸದಸ್ಯರು ಸಾಕ್ಷಿಗಳನ್ನು ತಾವಾಗಿ ಪ್ರಶ್ನಿಸಿರಲಿಲ್ಲ. ಇತರರು ಬರೆದುಕೊಂಡ ಹೇಳಿಕೆಗಳನ್ನು ಓದಿ ತೀರ್ಮಾನಿಸಿದ್ದರು. ಬ್ರೈಸನು ಸ್ವತಃ ಇತಿಹಾಸಕಾರ. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಇಂದಿಗೂ ಕಾಣಸಿಗುವ ಯೂರೋಪಿನ ಇತಿಹಾಸದ ಕರ್ತೃವಾದ ಎಚ್. ಎ. ಎಲ್. ಫಿಷರನೂ ಆ ಸಮಿತಿಯಲ್ಲಿದ್ದನು. ನಮ್ಮ ಶಾಸ್ತ್ರದ ವಿಷಯದಲ್ಲಿ ನಾವು ಹೆಮ್ಮೆ ತಳೆಯುವಾಗ ಇದನ್ನು ಮರೆಯಬಾರದು.

ಒಮ್ಮೆ ಮೋಸಹೋದವರ ಅವಿಶ್ವಾಸಕ್ಕೆ ಬಹು ದೊಡ್ಡ ಬೆಲೆಯನ್ನು ತೆರಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ನಾಟ್ಸಿಗಳು ಯೆಹೂದ್ಯರನ್ನೂ ಪೋಲೆಂಡಿನವರನ್ನೂ ಸಾಮೂಹಿಕವಾಗಿ ಕೊಲ್ಲುತ್ತಿರುವ ಸಮಾಚಾರಗಳು ಲಂಡನ್ನಿಗೆ ಬಂದವು. ೧೯೪೩ರ ಆಗಸ್ಟಿನಲ್ಲಿ ಬ್ರಿಟನ್ನಿನ ಸಂಯುಕ್ತ ಗುಪ್ತವಾರ್ತಾ ಸಮಿತಿಯ ಅಧ್ಯಕ್ಷನಾಗಿದ್ದ ಕ್ಯಾವೆಂಡಿಷ್ ಬೆಂಟಿಂಕನು, ವಿಷಾನಿಲದ ಕೋಣೆಗಳ ವಾರ್ತೆಯನ್ನು ಕುರಿತ ತನ್ನ ಟಿಪ್ಪಣಿಯಲ್ಲಿ, ಇದು ಹಿಂದಿನ ಯುದ್ಧದ ಹೆಣದ ಕೊಬ್ಬಿನ ಕಥೆಯನ್ನು ನೆನಪಿಗೆ ತರುತ್ತದೆ ಎಂಬ ಭಾವದ ಮಾತನ್ನು ಬರೆದನು. ೧೯೧೭ರ ಸುಳ್ಳು ೧೯೪೩ರ ಸತ್ಯದ ಬಾಗಿಲನ್ನು ಮುಚ್ಚಿತ್ತು. ಆ ಅಧಿಕಾರಿಯು ಮೂಢನಾಗಿರಲಿಲ್ಲ. ಪ್ರಚಾರದ ಆಕಾರವನ್ನು ಗುರುತಿಸುವುದನ್ನು ಅವನು ಚೆನ್ನಾಗಿಯೇ ಕಲಿತಿದ್ದನು.

ಈ ಎರಡು ಯುದ್ಧಗಳ ನಡುವಣ ಕಾಲದಲ್ಲಿಯೇ ಪ್ರಚಾರ ಪರೀಕ್ಷೆಯು ಶಾಲೆಯ ಪಾಠವಾಯಿತು. ೧೯೧೭ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರ್ಕಾರವು ಜಾರ್ಜ್ ಕ್ರೀಲನ ನೇತೃತ್ವದಲ್ಲಿ ಸ್ಥಾಪಿಸಿದ ಸಾರ್ವಜನಿಕ ವಾರ್ತಾ ಸಮಿತಿಯು, ಚಿತ್ರಮಂದಿರಗಳಲ್ಲಿ ನಾಲ್ಕು ನಿಮಿಷ ಮಾತ್ರ ಮಾತನಾಡುವ ಸುಮಾರು ೭೫,೦೦೦ ಭಾಷಣಕಾರರನ್ನು ನಿಯೋಜಿಸಿತ್ತು. ಯುದ್ಧಾನಂತರ ಆ ಉತ್ಸಾಹ ಇಳಿದಾಗ ಜನರಿಗೆ ತಾವು ಕುಣಿಸಲ್ಪಟ್ಟೆವೆಂಬ ಭಾವನೆ ಉಂಟಾಯಿತು. ಅಷ್ಟರಲ್ಲಿ ಯೂರೋಪಿನಲ್ಲಿ ಹಿಟ್ಲರನ ಪ್ರಚಾರ ಖಾತೆಯೂ, ಅಮೆರಿಕಾದಲ್ಲಿಯೇ ರೇಡಿಯೋ ಮೂಲಕ ದ್ವೇಷವನ್ನು ಬಿತ್ತುವವರೂ ತಲೆಯೆತ್ತಿದರು. ೧೯೩೭ರಲ್ಲಿ ಬಾಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನನ ನಿಧಿಯಿಂದ ಬಂದ ೧೦,೦೦೦ ಡಾಲರುಗಳ ನೆರವಿನಿಂದ ಪ್ರಚಾರ ವಿಶ್ಲೇಷಣ ಸಂಸ್ಥೆಯೊಂದು ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಶಿಕ್ಷಣ ಕಾಲೇಜಿನಲ್ಲಿದ್ದ ಕ್ಲೈಡ್ ಮಿಲ್ಲರನು ಅದರ ಮೂಲಪುರುಷ.

ಈ ಸಂಸ್ಥೆಯು ೧೯೩೭ರ ನವೆಂಬರಿನ ತನ್ನ ಪತ್ರಿಕೆಯಲ್ಲಿ ಪ್ರಚಾರದ ಏಳು ತಂತ್ರಗಳನ್ನು ವಿವರಿಸಿತು. ಎದುರಾಳಿಗೆ ಕೆಟ್ಟ ಹೆಸರನ್ನು ಹಚ್ಚುವುದು ಮೊದಲನೆಯದು. ಸ್ವಾತಂತ್ರ್ಯ, ಧರ್ಮ, ಮಾತೃಭೂಮಿ ಮೊದಲಾದ ಬೆಳಗುವ ಮಾತುಗಳಿಂದ ವಿಚಾರವನ್ನು ಮರೆಸುವುದು ಎರಡನೆಯದು. ಜನ ಪೂಜ್ಯವೆಂದು ಭಾವಿಸುವ ವಸ್ತುವಿನ ಗೌರವವನ್ನು ತನ್ನ ವಾದಕ್ಕೆ ಅಂಟಿಸಿಕೊಳ್ಳುವುದು ಮೂರನೆಯದು. ಪ್ರಸಿದ್ಧರ ಸಾಕ್ಷ್ಯವನ್ನು ಒಡ್ಡುವುದು ನಾಲ್ಕನೆಯದು. ನಾನೂ ನಿಮ್ಮಂಥ ಸಾಮಾನ್ಯನೇ ಎಂದು ತೋರಿಸಿಕೊಳ್ಳುವುದು ಐದನೆಯದು. ಅನುಕೂಲವಾದ ಸಂಗತಿಗಳನ್ನು ಮಾತ್ರ ಆರಿಸಿ ಉಳಿದುದನ್ನು ಮರೆಮಾಡುವುದು ಆರನೆಯದು; ಇಸ್ಪೀಟಿನ ಎಲೆಗಳನ್ನು ತನಗೆ ಬೇಕಾದಂತೆ ಜೋಡಿಸಿಟ್ಟು ಆಡುವ ಮೋಸಗಾರನ ಹೋಲಿಕೆಯನ್ನು ಸಂಸ್ಥೆಯು ಇದಕ್ಕೆ ಕೊಟ್ಟಿತು. ಊರಿಗೆ ಊರೇ ತೇರಿನ ಹಿಂದೆ ಹೊರಟಿದೆ, ನೀವೊಬ್ಬರೇ ಏಕೆ ಹಿಂದುಳಿಯುವಿರಿ ಎಂಬ ಒತ್ತಾಯ ಏಳನೆಯದು.

ಪಟ್ಟಿ ಚಿಕ್ಕದು, ನೆನಪಿಡಲು ಸುಲಭ. ಶಾಲೆಗಳಲ್ಲಿಯೂ ವಯಸ್ಕರ ಅಧ್ಯಯನ ಗೋಷ್ಠಿಗಳಲ್ಲಿಯೂ ಅದು ಬೇಗನೆ ಹರಡಿತು. ಇಂದಿಗೂ ಪಠ್ಯಪುಸ್ತಕಗಳಲ್ಲಿ, ಕೆಲವೊಮ್ಮೆ ಮೂಲವನ್ನು ಹೇಳದೆಯೇ, ಈ ಏಳು ತಂತ್ರಗಳು ಕಂಡುಬರುತ್ತವೆ. ೧೯೩೯ರಲ್ಲಿ ಆಲ್‌ಫ್ರೆಡ್ ಲೀ ಮತ್ತು ಎಲಿಜಬೆತ್ ಲೀ ದಂಪತಿಗಳು, ಮಿಷಿಗನ್ ಪ್ರಾಂತದ ರೇಡಿಯೋ ಪಾದ್ರಿ ಚಾರ್ಲ್ಸ್ ಕಾಫ್ಲಿನನ ಭಾಷಣಗಳನ್ನು ಈ ಏಳು ತಂತ್ರಗಳಿಂದ ಬಿಡಿಸಿ ತೋರಿಸುವ ಪುಸ್ತಕವೊಂದನ್ನು ಸಂಸ್ಥೆಗಾಗಿ ಸಿದ್ಧಪಡಿಸಿದರು. ಭಾಷಣದ ಪಾಠದ ನಡುನಡುವೆ ಒಂದೊಂದು ತಂತ್ರಕ್ಕೂ ಗೊತ್ತುಪಡಿಸಿದ ಚಿಕ್ಕ ಚಿಹ್ನೆಗಳನ್ನು ಅಚ್ಚುಮಾಡಲಾಗಿತ್ತು. ವಿದ್ಯಾರ್ಥಿಗಳಿಗೆ ಇದು ಒಂದು ಬಗೆಯ ಆಟದಂತೆ ಹಿಡಿಸಿರಬೇಕು.

ಸಂಸ್ಥೆಯ ಮೇಲೆ ಬಂದ ಟೀಕೆಗಳಲ್ಲಿ ಮುಖ್ಯವಾದುದು, ಇದು ವಿದ್ಯಾರ್ಥಿಗಳನ್ನು ಎಲ್ಲವನ್ನೂ ಸಂಶಯಿಸುವವರನ್ನಾಗಿ ಮಾಡುತ್ತದೆ, ಯಾವುದನ್ನು ನಂಬಬೇಕೆಂಬುದನ್ನು ಹೇಳಿಕೊಡುವುದಿಲ್ಲ ಎಂಬುದು. ಈ ಟೀಕೆ ನ್ಯಾಯವಾದುದೆಂದು ನನಗೆ ತೋರುತ್ತದೆ. ಮೇಲಿನ ತಂತ್ರಗಳಲ್ಲಿ ಬಹುಪಾಲು ಸತ್ಯವನ್ನು ಹೇಳುವವನಿಗೂ ಬೇಕಾದುವೇ. ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿ ಮೊಣಕಾಲು ಮುಚ್ಚದ ತುಂಡುಬಟ್ಟೆಯನ್ನು ಉಡಲು ನಿಶ್ಚಯಿಸಿದುದು, ಈ ಪಟ್ಟಿಯ ಪ್ರಕಾರ ಐದನೆಯ ತಂತ್ರವಾಗುತ್ತದೆ. ಪೋಲಿಯೋ ಲಸಿಕೆಗಾಗಿ ಚಿತ್ರನಟರು ಮಾಡಿದ ವಿಜ್ಞಾಪನೆ ನಾಲ್ಕನೆಯದಾಗುತ್ತದೆ. ತಂತ್ರವನ್ನು ಹಿಡಿದವನು ಸುಳ್ಳನ್ನು ಹಿಡಿದಂತಾಗಲಿಲ್ಲ; ಒಂದು ಮಾತು ನಮ್ಮ ಮನಸ್ಸನ್ನು ಒಲಿಸಲು ಆಡಲ್ಪಟ್ಟಿದೆ ಎಂಬುದನ್ನು ಮಾತ್ರ ಅರಿತಂತಾಯಿತು. ಎರಡನೆಯ ಮಹಾಯುದ್ಧಕ್ಕೆ ಅಮೆರಿಕಾ ಇಳಿದೊಡನೆ, ತನ್ನ ಸರ್ಕಾರದ ಪ್ರಚಾರವನ್ನೂ ಇದೇ ರೀತಿ ಬಿಡಿಸಿ ನೋಡಬೇಕಾದ ಇಕ್ಕಟ್ಟು ಸಂಸ್ಥೆಗೆ ಬಂದೊದಗಿತು. ೧೯೪೨ರಲ್ಲಿ ಅದು ತನ್ನ ಕಾರ್ಯವನ್ನು ನಿಲ್ಲಿಸಿತು.

ಆದರೆ ಟೀಕಾಕಾರರು ಸಾಕಷ್ಟು ಗಮನಿಸದಿದ್ದ ಒಂದು ಅಂಶವು ಆ ಪಟ್ಟಿಯಲ್ಲಿಯೇ ಇದೆ. ಏಳರಲ್ಲಿ ಆರು ತಂತ್ರಗಳು ಮಾತಿನೊಳಗೇ ಕಾಣುವಂಥವು. ಭಾಷಣವನ್ನು ಕೈಯಲ್ಲಿ ಹಿಡಿದು ಮನೆಯ ಕುರ್ಚಿಯಲ್ಲಿ ಕುಳಿತೇ ಅವನ್ನು ಗುರುತಿಸಬಹುದು. ಆರನೆಯ ತಂತ್ರ, ಎಂದರೆ ಮರೆಮಾಡುವುದು, ಇವುಗಳ ಜಾತಿಗೆ ಸೇರಿದುದಲ್ಲ. ಯಾವುದನ್ನು ಬಿಟ್ಟಿದ್ದಾರೆಂಬುದು ಆ ಭಾಷಣದಲ್ಲಿ ಇರುವುದಿಲ್ಲ. ಅದನ್ನು ತಿಳಿಯಬೇಕಾದರೆ ಓದುವವನು ಆ ಕಾಗದವನ್ನು ಕೆಳಗಿಟ್ಟು ಬೇರೆ ಕಡೆಗೆ ಹೋಗಬೇಕು. ಸಂಸ್ಥೆಯು ಇದನ್ನು ಉಳಿದವುಗಳ ಸಾಲಿನಲ್ಲಿ ಕೂಡಿಸಿ ಒಂದು ಚಿಹ್ನೆಯನ್ನು ಕೊಟ್ಟುಬಿಟ್ಟಿತು. ಪೌರನೀತಿಯ ದೃಷ್ಟಿಯಿಂದ ಇದೊಂದೇ ಉಳಿದ ಆರಕ್ಕಿಂತ ಹೆಚ್ಚು ತೂಕವುಳ್ಳದ್ದೆಂಬುದೂ, ಕಲಿಸಲು ಎಲ್ಲಕ್ಕಿಂತ ಕಷ್ಟವಾದುದು ಇದೇ ಎಂಬುದೂ ನನ್ನ ಅಭಿಪ್ರಾಯ.

ಹೊರಗೆ ಹೋಗಿ ನೋಡುವುದೆಂದರೇನೆಂಬುದಕ್ಕೆ ಅದೇ ಕಾಲದ ಒಂದು ಉದಾಹರಣೆಯಿದೆ. ಯೆಹೂದ್ಯರು ಲೋಕವನ್ನೆಲ್ಲ ವಶಪಡಿಸಿಕೊಳ್ಳಲು ಹೂಡಿದ ಒಳಸಂಚಿನ ಕಲಾಪಗಳೆಂದು ಹೇಳಿಕೊಳ್ಳುವ ಒಂದು ಪುಸ್ತಕವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯಾದಿಂದ ಹೊರಟಿತು. ೧೯೨೦ರ ಮೇ ತಿಂಗಳಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯೇ ಅದನ್ನು ಗಂಭೀರವಾಗಿ ಪರಿಗಣಿಸಬೇಕೆಂಬ ಧಾಟಿಯಲ್ಲಿ ಬರೆಯಿತು. ಮರುವರ್ಷ ಆಗಸ್ಟಿನಲ್ಲಿ ಅದೇ ಪತ್ರಿಕೆಯ ಕಾನ್‌ಸ್ಟಾಂಟಿನೋಪಲ್ ಬಾತ್ಮೀದಾರ ಫಿಲಿಪ್ ಗ್ರೇವ್ಸನು ಅದು ಕೂಟಗ್ರಂಥವೆಂದು ತೋರಿಸಿಕೊಟ್ಟನು. ಅವನು ಹಿಡಿದ ಮಾರ್ಗ ಸರಳವಾದುದು. ಫ್ರಾನ್ಸಿನ ಮೂರನೆಯ ನೆಪೋಲಿಯನ್ನನನ್ನು ವಿಡಂಬಿಸಿ ಮಾರಿಸ್ ಜೋಲಿ ಎಂಬವನು ೧೮೬೪ರಲ್ಲಿ ಬರೆದ ಪುಸ್ತಕದ ವಾಕ್ಯಗಳನ್ನೂ ಈ ಕಲಾಪಗಳ ವಾಕ್ಯಗಳನ್ನೂ ಪಕ್ಕಪಕ್ಕದಲ್ಲಿ ಅಚ್ಚುಹಾಕಿಸಿದನು. ಯೆಹೂದ್ಯರ ಮಾತೇ ಇಲ್ಲದ ಹಳೆಯ ವಿಡಂಬನೆಯಿಂದ ಪುಟಪುಟಗಳೇ ಕದಿಯಲ್ಪಟ್ಟಿದ್ದುದು ಕಣ್ಣಿಗೆ ಕಟ್ಟಿತು. ಇಲ್ಲಿ ವಾಗ್ಮಿತೆಯ ವಿಶ್ಲೇಷಣೆ ಲೇಶವೂ ಇಲ್ಲ. ನಮ್ಮ ಶಾಸನಗಳಲ್ಲಿ ಕೂಟಶಾಸನವನ್ನು ಬೇರ್ಪಡಿಸುವ ವಿದ್ವಾಂಸರು ಲಿಪಿಯನ್ನೂ ತಿಥಿವಾರಗಳನ್ನೂ ಹೋಲಿಸಿ ಮಾಡುವ ಕೆಲಸಕ್ಕೆ ಇದು ಸಮೀಪವಾದುದು.

ಹೀಗೆ ಸುಳ್ಳು ಬಯಲಾದರೂ ಅದು ಅಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಹದಿನೇಳು ವರ್ಷಗಳ ಮೇಲೆ, ೧೯೩೮ರಲ್ಲಿ, ಮೇಲೆ ಹೇಳಿದ ಕಾಫ್ಲಿನನು ಅದೇ ಪುಸ್ತಕವನ್ನು ತನ್ನ ವಾರಪತ್ರಿಕೆಯಲ್ಲಿ ಮತ್ತೆ ಪ್ರಕಟಿಸತೊಡಗಿದನು. ನಂಬಲು ಇಚ್ಛೆಯುಳ್ಳವನಿಗೆ ಪ್ರಮಾಣದ ಗೊಡವೆಯಿಲ್ಲ. ಪರೀಕ್ಷೆಯ ವಿದ್ಯೆಯು ಇನ್ನೂ ಪಕ್ಷ ಹಿಡಿಯದವನಿಗೆ, ಆದುದರಿಂದ ಎಳೆಯರಿಗೆ, ಹೆಚ್ಚು ಪ್ರಯೋಜನಕಾರಿಯಾದೀತೆಂಬ ಊಹೆ ಇದರಿಂದ ಹುಟ್ಟುತ್ತದೆ. ಈ ಊಹೆಗೆ ಈಚಿನ ಆಧಾರವೂ ಉಂಟು. ಅದನ್ನು ಮುಂದೆ ನೋಡೋಣ.

ಇಷ್ಟು ಹೇಳಿದ ಮೇಲೆ, ಆಕರಗಳನ್ನು ಪರೀಕ್ಷಿಸುವ ಶಿಕ್ಷಣವಿರುವ ಇತಿಹಾಸದ ಅಧ್ಯಾಪಕರೇ ಈ ವಿದ್ಯೆಗೆ ಸಹಜವಾದ ಗುರುಗಳೆಂದು ಹೇಳಿ ಮುಗಿಸುವುದು ಸುಲಭವಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ೨೦೧೭ರಲ್ಲಿ ಪ್ರಕಟಿಸಿದ ಸಂಶೋಧನೆಯು ಅದಕ್ಕೆ ಅಡ್ಡಬರುತ್ತದೆ. ಅವರು ಹತ್ತು ಮಂದಿ ಡಾಕ್ಟರೇಟ್ ಪಡೆದ ಇತಿಹಾಸಕಾರರು, ಪತ್ರಿಕೆಗಳಿಗಾಗಿ ಸಂಗತಿಗಳನ್ನು ತಾಳೆನೋಡುವ ವೃತ್ತಿಯ ಹತ್ತು ಮಂದಿ, ಇಪ್ಪತ್ತೈದು ಮಂದಿ ಪದವಿ ವಿದ್ಯಾರ್ಥಿಗಳು, ಇವರ ಮುಂದೆ ಅಂತರ್ಜಾಲದ ಕೆಲವು ಪುಟಗಳನ್ನಿಟ್ಟು, ಯಾವುದು ವಿಶ್ವಾಸಾರ್ಹವೆಂದು ತೀರ್ಮಾನಿಸಹೇಳಿದರು. ಹೆಸರುಗಳು ಹೆಚ್ಚುಕಡಿಮೆ ಒಂದೇ ತೆರನಾಗಿದ್ದ ಎರಡು ಮಕ್ಕಳ ವೈದ್ಯರ ಸಂಘಗಳ ಪುಟಗಳು ಅವುಗಳಲ್ಲಿದ್ದವು. ಒಂದು ಆ ವೃತ್ತಿಯ ದೊಡ್ಡ ಸಂಘ. ಇನ್ನೊಂದು ಅದರಿಂದ ಒಡೆದುಹೋದ ಒಂದು ಚಿಕ್ಕ ಗುಂಪು. ಇತಿಹಾಸಕಾರರು ಆಯಾ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದರು. ಬರವಣಿಗೆಯ ಧಾಟಿಯನ್ನೂ ಅಡಿಟಿಪ್ಪಣಿಗಳನ್ನೂ ತೂಗಿನೋಡಿದರು. ಕೊನೆಗೆ ಅವರಲ್ಲಿ ಅನೇಕರು ಎರಡೂ ನಂಬತಕ್ಕವೇ ಎಂಬಂತೆ ಡೋಲಾಯಮಾನರಾದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಚಿಕ್ಕ ಗುಂಪಿನ ಪುಟಕ್ಕೇ ಮಾರುಹೋದರು. ತಾಳೆನೋಡುವ ವೃತ್ತಿಯವರಾದರೋ ಪುಟವನ್ನು ಸರಿಯಾಗಿ ಓದಲೇ ಇಲ್ಲ. ಕ್ಷಣಮಾತ್ರದಲ್ಲಿ ಅದನ್ನು ಬಿಟ್ಟು, ಈ ಸಂಘವನ್ನು ಕುರಿತು ಇತರರು ಏನು ಹೇಳಿದ್ದಾರೆಂದು ಬೇರೆ ಪುಟಗಳನ್ನು ತೆರೆದು ನೋಡಿದರು. ಅವರಲ್ಲಿ ಒಬ್ಬರೂ ತಪ್ಪಲಿಲ್ಲ.

ಇದರ ಅರ್ಥ ನಮ್ಮ ಶಾಸ್ತ್ರವು ನಿರರ್ಥಕವೆಂದಲ್ಲ. ಗ್ರಂಥಭಂಡಾರವೊಂದರಲ್ಲಿ ಕುಳಿತ ಇತಿಹಾಸಕಾರನ ಮುಂದಿರುವ ಕಾಗದಗಳನ್ನು ಬೇರೊಬ್ಬರು ಆರಿಸಿ, ಕಟ್ಟುಕಟ್ಟಿ, ಸಂಖ್ಯೆಯನ್ನು ಕೊಟ್ಟು ಇರಿಸಿರುತ್ತಾರೆ. ಇದು ಎಲ್ಲಿಂದ ಬಂದಿತೆಂಬ ಮೊದಲ ಪ್ರಶ್ನೆಗೆ ಉತ್ತರವು ಕಟ್ಟಿನ ಮೇಲೆಯೇ ಬರೆದಿರುವುದರಿಂದ, ಅವನು ಎರಡನೆಯ ಪ್ರಶ್ನೆಯಿಂದ ಕೆಲಸವನ್ನು ಆರಂಭಿಸುತ್ತಾನೆ. ಬ್ರೈಸ್ ಸಮಿತಿಯೂ ಹೀಗೆಯೇ ತನ್ನೆದುರಿಗೆ ತಂದಿಟ್ಟ ಹೇಳಿಕೆಗಳನ್ನು ಓದಿತಲ್ಲವೇ? ಮೊಬೈಲಿನಲ್ಲಿ ಬಂದ ವಾರ್ತೆಗೆ ಕಟ್ಟೂ ಇಲ್ಲ, ಸಂಖ್ಯೆಯೂ ಇಲ್ಲ.

ಈ ಅಭಾವದ ಫಲವನ್ನು ನಮ್ಮ ನಾಡು ೨೦೧೮ರಲ್ಲಿ ಕಂಡಿತು. ಆ ವರ್ಷ ಮಕ್ಕಳ ಕಳ್ಳರು ಊರೂರಿಗೆ ಬಂದಿದ್ದಾರೆಂಬ ವದಂತಿ ವಾಟ್ಸಾಪಿನಲ್ಲಿ ದೇಶದ ಅನೇಕ ಪ್ರಾಂತಗಳಲ್ಲಿ ಹರಡಿತು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರನಾಡಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ಎಂಜಿನಿಯರೊಬ್ಬನು ಇದೇ ರೀತಿ ಪ್ರಾಣವನ್ನು ಕಳೆದುಕೊಂಡನು. ಅವರ ತಂಡದವರು ಹಾದಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಸಂಶಯಕ್ಕೆ ಕಾರಣವಾಗಿತ್ತು. ಆ ದಿನಗಳಲ್ಲಿ ಕೈಯಿಂದ ಕೈಗೆ ಹರಿದ ಚಲಚ್ಚಿತ್ರದ ತುಣುಕುಗಳಲ್ಲಿ ಒಂದರಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಸಂಸ್ಥೆಯೊಂದು ತಂದೆತಾಯಿಗಳನ್ನು ಎಚ್ಚರಿಸಲು ತಯಾರಿಸಿದ ಜಾಹೀರಾತು. ಮೂಲದಲ್ಲಿ ಆ ಸವಾರರು ಕೂಡಲೆ ಹಿಂತಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಬರಹವಿರುವ ಫಲಕವನ್ನು ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಹಾಕಿದ್ದರು.

ಏಳು ತಂತ್ರಗಳ ಪಟ್ಟಿಯನ್ನು ಹಿಡಿದು ಈ ತುಣುಕನ್ನು ನೋಡಿದರೆ ಏನು ದೊರೆಯುತ್ತದೆ? ಅದರಲ್ಲಿ ಬೈಗುಳವಿಲ್ಲ, ಬೆಳಗುವ ಮಾತಿಲ್ಲ, ಪ್ರಸಿದ್ಧರ ಸಾಕ್ಷ್ಯವಿಲ್ಲ. ಇರುವುದು ಆರನೆಯದೊಂದೇ. ಅದು ಕತ್ತರಿಸಲ್ಪಟ್ಟ ಭಾಗದಲ್ಲಿರುವುದರಿಂದ, ತುಣುಕನ್ನು ನೂರು ಸಲ ನೋಡಿದರೂ ಕಾಣುವಂತಿಲ್ಲ. ಹೀಗೆ ನೋಡುವವರಲ್ಲಿ ವಿದ್ಯಾವಂತರೂ ಅವಿದ್ಯಾವಂತರೂ ಸಮಾನರೇ.

ಅದೇ ೨೦೧೮ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಜಿಲ್ಲಾಡಳಿತವು ಸುಮಾರು ೧೫೦ ಸರ್ಕಾರಿ ಶಾಲೆಗಳಲ್ಲಿ ಮಿಥ್ಯಾವಾರ್ತೆಗಳನ್ನು ಕುರಿತು ನಲವತ್ತು ನಿಮಿಷಗಳ ಪಾಠವನ್ನು ಏರ್ಪಡಿಸಿತು. ಇಂಥ ಪಾಠದಿಂದ ಎಷ್ಟು ಪ್ರಯೋಜನವೆಂಬುದನ್ನು ಅಳೆಯುವ ಕ್ರಮಬದ್ಧ ಪ್ರಯತ್ನಗಳು ಬಿಹಾರದಲ್ಲಿ ನಡೆದಿವೆ. ೨೦೧೯ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಸುಮಿತ್ರಾ ಬದ್ರಿನಾಥನ್ ಅವರು ೧,೨೨೪ ಮಂದಿ ವಯಸ್ಕರನ್ನು ಆರಿಸಿಕೊಂಡು, ಅವರಲ್ಲಿ ಕೆಲವರಿಗೆ ಸುಮಾರು ಒಂದು ಗಂಟೆಯ ಶಿಕ್ಷಣವನ್ನು ಕೊಡಿಸಿ, ಚುನಾವಣೆಯ ತರುವಾಯ ಎಲ್ಲರನ್ನೂ ಪರೀಕ್ಷಿಸಿದರು. ಒಟ್ಟಿನಲ್ಲಿ ಗಣನೀಯವಾದ ಪರಿಣಾಮವೇನೂ ಕಂಡುಬರಲಿಲ್ಲ. ಒಂದು ಪಕ್ಷದ ಅಭಿಮಾನಿಗಳಲ್ಲಂತೂ, ಶಿಕ್ಷಣ ಪಡೆದವರು ತಮ್ಮ ಪಕ್ಷಕ್ಕೆ ಒಪ್ಪುವ ಸುಳ್ಳುಗಳನ್ನು ಗುರುತಿಸುವುದರಲ್ಲಿ ಪಡೆಯದವರಿಗಿಂತಲೂ ಹಿಂದುಳಿದರು. ಈ ಫಲಿತಾಂಶವನ್ನು ಮರೆಮಾಡದೆ ಪ್ರಕಟಿಸಿದುದು ಶ್ಲಾಘನೀಯ.

ಇದರ ತರುವಾಯ ಅವರೂ ಅವರ ಸಹೋದ್ಯೋಗಿಗಳೂ ಅದೇ ಪ್ರಾಂತದಲ್ಲಿ, ಸರ್ಕಾರದ ಸಹಕಾರದಿಂದ, ಇನ್ನೊಂದು ಪ್ರಯೋಗವನ್ನು ನಡೆಸಿದರು. ಈ ಬಾರಿ ಆರಿಸಿಕೊಂಡುದು ವಯಸ್ಕರನ್ನಲ್ಲ, ಐದುನೂರಕ್ಕೂ ಹೆಚ್ಚು ಗ್ರಾಮಗಳ ೧೩,೦೦೦ಕ್ಕೂ ಮೀರಿದ ಹದಿಹರೆಯದ ವಿದ್ಯಾರ್ಥಿಗಳನ್ನು. ಶಿಕ್ಷಣವು ಒಂದು ಗಂಟೆಯದಾಗಿರದೆ, ಸುಮಾರು ಹದಿನಾಲ್ಕು ವಾರಗಳ ಅವಧಿಯಲ್ಲಿ ಗ್ರಂಥಾಲಯಗಳಲ್ಲಿ ನಡೆದ ನಾಲ್ಕು ತರಗತಿಗಳ ರೂಪದಲ್ಲಿತ್ತು. ಮುಖ್ಯವಾಗಿ ಆರೋಗ್ಯಕ್ಕೆ ಸಂಬಂಧಿಸಿದ ವಾರ್ತೆಗಳನ್ನೇ ಉದಾಹರಣೆಗಳಾಗಿ ಬಳಸಲಾಯಿತು. ೨೦೨೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ವಿದ್ಯಾರ್ಥಿಗಳು ನಿಜವನ್ನೂ ಸುಳ್ಳನ್ನೂ ಬೇರ್ಪಡಿಸುವುದರಲ್ಲಿ ಇತರರಿಗಿಂತ ಸ್ಪಷ್ಟವಾಗಿ ಮುಂದಾದರು. ನಾಲ್ಕು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿದಾಗ ಅವರಿಗೆ ಕಲಿಸದೆ ಇದ್ದ ರಾಜಕೀಯ ವಾರ್ತೆಗಳಲ್ಲಿಯೂ ಈ ವಿವೇಚನೆ ಕಂಡುಬಂದಿತು. ಮನೆಯಲ್ಲಿ ಅವರ ತಂದೆತಾಯಿಗಳಿಗೂ ಅದು ಒಂದಿಷ್ಟು ತಲುಪಿತ್ತು. ಎರಡು ಪ್ರಯೋಗಗಳಿಗೂ ಇರುವ ಅಂತರ ವಯಸ್ಸಿನದು ಮಾತ್ರವಲ್ಲ, ಕಾಲಾವಧಿಯದೂ ಹೌದು. ಯಾವುದಕ್ಕೆ ಎಷ್ಟು ಪಾಲು ಸಲ್ಲಬೇಕೆಂದು ಈ ಎರಡರಿಂದಲೇ ಹೇಳಲಾಗದು.

ನಮ್ಮ ಪದವಿ ತರಗತಿಗಳ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸಂವಿಧಾನವನ್ನು ಕುರಿತ ಪಾಠದಲ್ಲಿ ೫೧-ಎ ವಿಧಿಯನ್ನು ಎಲ್ಲರೂ ಓದುತ್ತಾರೆ. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ ಸೇರಿದ ಆ ವಿಧಿಯು ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪೌರನ ಕರ್ತವ್ಯವೆನ್ನುತ್ತದೆ. ವಿದ್ಯಾರ್ಥಿಗಳು ಕರ್ತವ್ಯಗಳ ಪಟ್ಟಿಯನ್ನು ಕ್ರಮವಾಗಿ ಒಪ್ಪಿಸಿ ಅಂಕಗಳನ್ನು ಪಡೆಯುತ್ತಾರೆ. ಪ್ರಚಾರ ಪರೀಕ್ಷೆಯೂ ಪಠ್ಯಕ್ರಮಕ್ಕೆ ಬಂದರೆ, ಪ್ರಚಾರದ ಏಳು ತಂತ್ರಗಳನ್ನು ವಿವರಿಸಿ ಎಂಬ ಹತ್ತು ಅಂಕಗಳ ಪ್ರಶ್ನೆಯಾಗಿ ಅದು ಪರಿಣಮಿಸುವ ಭಯವಿದೆ. ಆಮೇಲೆ ಅದರ ಉತ್ತರ ಗೈಡುಗಳಲ್ಲಿ ಅಚ್ಚಾಗಲು ಬಹಳ ದಿನ ಹಿಡಿಯಲಾರದು.

ಇದಕ್ಕೆ ಬದಲಾಗಿ ೧೯೧೭ರ ಪ್ರಕರಣವನ್ನೇ ತರಗತಿಗೆ ಒಯ್ಯಬಹುದೆಂದು ಸೂಚಿಸುತ್ತೇನೆ. ಮೊದಲ ತರಗತಿಯಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂದ ರೂಪವನ್ನು ಮಾತ್ರ, ದಿನಾಂಕವನ್ನು ತಿಳಿಸದೆ, ಅನುವಾದಿಸಿ ಕೊಡುವುದು. ನಂಬತಕ್ಕದ್ದೇ ಅಲ್ಲವೇ ಎಂದು ವಿದ್ಯಾರ್ಥಿಗಳು ಬರೆಯಲಿ, ಕಾರಣವನ್ನೂ ಬರೆಯಲಿ. ಹೆಚ್ಚಿನವರು ಭಾಷೆಯ ಆವೇಶವನ್ನು ಆಧಾರವಾಗಿಟ್ಟುಕೊಂಡು ತೀರ್ಮಾನಿಸುವರು. ಎರಡನೆಯ ತರಗತಿಯಲ್ಲಿ ಒಂದು ಜರ್ಮನ್ ನಿಘಂಟನ್ನೂ, ಬರ್ಲಿನ್ ವರದಿಯನ್ನೂ, ೧೯೨೫ರ ಪಾರ್ಲಿಮೆಂಟಿನ ಹೇಳಿಕೆಯನ್ನೂ ಮೇಜಿನ ಮೇಲಿಡುವುದು. ಮೂರನೆಯದರಲ್ಲಿ ಲುವೆನ್ನಿನ ಗ್ರಂಥಭಂಡಾರದ ನಾಶವನ್ನು ಕುರಿತ ವಾರ್ತೆಯೊಂದನ್ನು ಅದೇ ಆವೇಶದ ಭಾಷೆಯಲ್ಲಿ ಕೊಟ್ಟು, ಇದೂ ಸುಳ್ಳೇ ಎಂದು ಕೇಳುವುದು. ಎರಡನೆಯ ಪಾಠದಲ್ಲಿ ಜಾಣರಾದ ವಿದ್ಯಾರ್ಥಿಗಳೇ ಮೂರನೆಯದರಲ್ಲಿ ಎಡವುವ ಸಂಭವ ಹೆಚ್ಚು. ನಾಲ್ಕನೆಯ ತರಗತಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮೊಬೈಲಿಗೆ ಆ ವಾರ ಬಂದ ಒಂದು ವಾರ್ತೆಯನ್ನು ತಂದು, ಅದು ಮೊದಲು ಎಲ್ಲಿ ಯಾವ ದಿನ ಕಾಣಿಸಿಕೊಂಡಿತೆಂಬುದನ್ನು ಹುಡುಕಬೇಕು. ಅಂಕಗಳನ್ನು ಉತ್ತರಕ್ಕೆ ಕೊಡದೆ, ಹುಡುಕಿದ ದಾರಿಯ ಬರಹಕ್ಕೆ ಕೊಡುವುದು ಲೇಸು. ಮೂಲ ಸಿಕ್ಕಲಿಲ್ಲ ಎಂದು ಬರೆದ ವಿದ್ಯಾರ್ಥಿಗೂ, ಎಲ್ಲೆಲ್ಲಿ ಹುಡುಕಿದನೆಂಬುದನ್ನು ಅವನು ತೋರಿಸಿದ್ದರೆ, ಪೂರ್ಣಾಂಕಗಳು ಸಲ್ಲತಕ್ಕವು.